ಕೊಲೆಸ್ಟರಾಲ್‌ಗೆ 'ರೆಡ್ ಈಸ್ಟ್ ರೈಸ್': ಹೆಸರು ಅಕ್ಕಿಯದು, ಕೆಲಸ ಮಾತ್ರೆಯದು

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್ ಜಾಸ್ತಿ ಇದೆ ಎಂದು ಗೊತ್ತಾದರೆ ಸಾಕು, ಮನೆಯಲ್ಲಿ ಸಲಹೆಗಳ ಸುರಿಮಳೆ. ಬೆಳ್ಳುಳ್ಳಿ ಜಗಿಯಿರಿ ಎನ್ನುವವರು ಒಬ್ಬರು, ಮೆಂತ್ಯ ನೆನೆಸಿದ ನೀರು ಕುಡಿಯಿರಿ ಎನ್ನುವವರು ಇನ್ನೊಬ್ಬರು. ಈ ಪಟ್ಟಿಗೆ ಸೇರಿಕೊಂಡಿರುವ ಇನ್ನೊಂದು ಹೆಸರು 'ರೆಡ್ ಈಸ್ಟ್ ರೈಸ್'. ಕ್ಯಾಪ್ಸೂಲ್ ರೂಪದಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಗಲ್ಫ್ ಅಥವಾ ಅಮೆರಿಕದಿಂದ ಊರಿಗೆ ಬರುವ ನೆಂಟರ ಪೆಟ್ಟಿಗೆಯಲ್ಲೂ ಬರುತ್ತದೆ. ಡಬ್ಬಿಯ ಮೇಲೆ 'ನೈಸರ್ಗಿಕ' ಎಂದು ಬರೆದಿರುತ್ತದೆ. ಅಕ್ಕಿ ತಾನೆ, ಏನಾದೀತು ಎಂದುಕೊಂಡು ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು ಇದನ್ನು ನುಂಗುವವರಿದ್ದಾರೆ. ಮಾತ್ರೆಯ ಜೊತೆಗೆ ಇದೂ ಇರಲಿ ಎಂದು ಎರಡನ್ನೂ ನುಂಗುವವರೂ ಇದ್ದಾರೆ.

ಎರಡೂ ಅಪಾಯದ ದಾರಿಯೇ. ಈ ಅಕ್ಕಿಯಲ್ಲಿ ಕೊಲೆಸ್ಟರಾಲ್ ಇಳಿಸುವ ಅಂಶ ಯಾವುದೋ ಅದು ಔಷಧದಂಗಡಿಯ ಮಾತ್ರೆಯಲ್ಲಿರುವ ರಾಸಾಯನಿಕವೇ. ಎರಡಕ್ಕೂ ಇರುವ ವ್ಯತ್ಯಾಸವೆಂದರೆ ಮಾತ್ರೆಯಲ್ಲಿ ಅದು ಎಷ್ಟಿದೆ ಎಂದು ಬರೆದಿರುತ್ತದೆ, ಡಬ್ಬಿಯಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ.

ನಮ್ಮ ಕೆಂಪಕ್ಕಿ ಬೇರೆ, ಇದು ಬೇರೆ

ಮೊದಲು ಹೆಸರಿನ ಗೊಂದಲ ನಿವಾರಿಸಿಕೊಳ್ಳಬೇಕು. ಕಾಸರಗೋಡಿನ ಕಡೆ ದಿನವೂ ಉಣ್ಣುವ ಕುಚ್ಚಲಕ್ಕಿ, ಕೇರಳದ ಮಟ್ಟ ಅಕ್ಕಿ ಇವುಗಳ ಕೆಂಪು ಬಣ್ಣ ಆಯಾ ಭತ್ತದ ತಳಿಯ ಗುಣ. ಬಣ್ಣ ಇರುವುದು ಅಕ್ಕಿಯ ಹೊರಗಿನ ತೌಡಿನ ಪದರದಲ್ಲಿ. ಹೆಚ್ಚು ಪಾಲಿಶ್ ಮಾಡಿದರೆ ಅದೂ ಬೆಳ್ಳಗಾಗುತ್ತದೆ. ತೌಡು ಉಳಿದ ಅಕ್ಕಿಯಲ್ಲಿ ನಾರಿನಂಶ ಇರುವುದರಿಂದ ಅದು ಒಳ್ಳೆಯ ಆಹಾರವೇ ಹೌದು. ಆದರೆ ರೆಡ್ ಈಸ್ಟ್ ರೈಸ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ರೆಡ್ ಈಸ್ಟ್ ರೈಸ್ ಮಾಡುವುದು ಸಾಮಾನ್ಯ ಬಿಳಿ ಅಕ್ಕಿಯಿಂದ. ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಅದಕ್ಕೆ 'ಮೊನಾಸ್ಕಸ್' ಎಂಬ ಶಿಲೀಂಧ್ರವನ್ನು ಬಿತ್ತುತ್ತಾರೆ. ಬೆಚ್ಚಗೆ, ತೇವವಾಗಿ ಕೆಲವು ದಿನ ಇಟ್ಟರೆ ಅದು ಕಾಳಿನೊಳಗೆಲ್ಲಾ ಹಬ್ಬಿ ಅಕ್ಕಿ ಕಡುಕೆಂಪಾಗುತ್ತದೆ. ಆಮೇಲೆ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಅಥವಾ ಪುಡಿ ಮಾಡುತ್ತಾರೆ. ಹೆಸರಿನಲ್ಲಿ ಈಸ್ಟ್ ಇದ್ದರೂ ಇದು ಬ್ರೆಡ್ಡಿಗೆ ಹಾಕುವ ಈಸ್ಟ್ ಅಲ್ಲ, ಒಂದು ಬಗೆಯ ಬೂಷ್ಟು. ಇಡ್ಲಿ ಹಿಟ್ಟು ಹುಳಿ ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳಿಂದ, ಅದರ ಮಾತೇ ಬೇರೆ. ಮನೆಯಲ್ಲಿ ಅಕ್ಕಿಗೋ ಅನ್ನಕ್ಕೋ ಬೂಷ್ಟು ಹಿಡಿದು ಕೆಂಪಾಗಿದ್ದರೆ ಅದನ್ನು ಎಸೆಯುವುದೊಂದೇ ದಾರಿ.

ಚೀನಾದಲ್ಲಿ ಇದಕ್ಕೆ 'ಹಾಂಗ್ ಚು' ಎಂದೂ ಜಪಾನಿನಲ್ಲಿ 'ಬೆನಿ ಕೋಜಿ' ಎಂದೂ ಹೆಸರು. ಅಲ್ಲಿ ಇದು ಶತಮಾನಗಳಿಂದ ಅಡುಗೆಮನೆಯ ಸಾಮಾನು. ಮಾಂಸಕ್ಕೆ, ಸೋಯಾ ಗಿಣ್ಣಿಗೆ, ಅಕ್ಕಿಯ ಮದ್ಯಕ್ಕೆ ಕೆಂಪು ಬಣ್ಣ ಕೊಡಲು ಬಳಸುತ್ತಾರೆ. ಲಿ ಶಿಝೆನ್ ರಚಿಸಿದ, 1596ರಲ್ಲಿ ಅಚ್ಚಾದ ಪ್ರಸಿದ್ಧ ಚೀನೀ ಔಷಧ ಗ್ರಂಥ 'ಬೆನ್‌ಚಾವ್ ಗಾಂಗ್‌ಮು' ಇದನ್ನು ಮದ್ದಾಗಿಯೂ ವರ್ಣಿಸುತ್ತದೆ. ಜೀರ್ಣಶಕ್ತಿಗೂ ರಕ್ತ ಸಂಚಾರಕ್ಕೂ ಒಳ್ಳೆಯದೆಂಬ ನಂಬಿಕೆ ಹಳೆಯದು. ಕೊಲೆಸ್ಟರಾಲ್ ಎಂಬ ಮಾತು ಆಗ ಇರಲೇ ಇಲ್ಲ. ಬಣ್ಣಕ್ಕಾಗಿ ಮಾಡುವ ಅಕ್ಕಿಯಲ್ಲಿ ಕೊಲೆಸ್ಟರಾಲ್ ಇಳಿಸುವ ಅಂಶ ಇಲ್ಲದೆಯೂ ಇರಬಹುದು. ಯಾವ ತಳಿಯ ಶಿಲೀಂಧ್ರ, ಎಷ್ಟು ದಿನ, ಎಷ್ಟು ಶಾಖ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬೂಷ್ಟಿನಲ್ಲಿ ಔಷಧ ಹುಡುಕಿದ ವಿಜ್ಞಾನಿ

ಕೊಲೆಸ್ಟರಾಲ್ ಮಾತ್ರೆಗಳ ಕಥೆ ಶುರುವಾಗುವುದೇ ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಟೋಕಿಯೊದ ಸ್ಯಾಂಕ್ಯೊ ಔಷಧ ಕಂಪನಿಯಲ್ಲಿದ್ದ ಜೀವರಸಾಯನ ವಿಜ್ಞಾನಿ. ನಮ್ಮ ದೇಹದ ಕೊಲೆಸ್ಟರಾಲ್‌ನಲ್ಲಿ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸಿಕೊಳ್ಳುವುದು. ಅದರಲ್ಲಿ ಪಿತ್ತಜನಕಾಂಗದ ಪಾತ್ರ ದೊಡ್ಡದು. ಆ ತಯಾರಿಕೆಗೆ 'ಎಚ್‌ಎಂಜಿ ಕೋಎ ರಿಡಕ್ಟೇಸ್' ಎಂಬ ಕಿಣ್ವ ಬೇಕು. ಆ ಕಿಣ್ವವನ್ನು ತಡೆಯುವ ವಸ್ತು ಯಾವುದಾದರೂ ಶಿಲೀಂಧ್ರದಲ್ಲಿ ಇದ್ದೀತು ಎಂಬ ಊಹೆಯಿಂದ 1971ರಲ್ಲಿ ಎಂಡೊ ತಂಡ ಹುಡುಕಾಟ ಶುರುಮಾಡಿತು. ಸುಮಾರು ಎರಡು ವರ್ಷ ಪರೀಕ್ಷಿಸಿದ ಶಿಲೀಂಧ್ರಗಳ ಸಂಖ್ಯೆ 6,000ದ ಆಸುಪಾಸು.

ಮೊದಲು ಸಿಕ್ಕಿದ್ದು 'ಸಿಟ್ರಿನಿನ್' ಎಂಬ ವಸ್ತು. ಕೊಲೆಸ್ಟರಾಲ್ ಇಳಿಸಿತು, ಆದರೆ ಮೂತ್ರಪಿಂಡಕ್ಕೆ ವಿಷ. ಅದನ್ನು ಕೈಬಿಟ್ಟರು. ಈ ಸಿಟ್ರಿನಿನ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ. 1973ರಲ್ಲಿ ಕ್ಯೋಟೊದ ಒಂದು ಧಾನ್ಯದ ಅಂಗಡಿಯ ಅಕ್ಕಿಯಿಂದ ಬಂದ ನೀಲಿ-ಹಸಿರು ಬೂಷ್ಟಿನಲ್ಲಿ ಬೇಕಾದದ್ದು ದೊರೆಯಿತು. ಅದೇ ಜಗತ್ತಿನ ಮೊದಲ ಸ್ಟಾಟಿನ್, ಕಾಂಪ್ಯಾಕ್ಟಿನ್. ಅದು ಮಾರುಕಟ್ಟೆಗೆ ಬರಲೇ ಇಲ್ಲ. ನಾಯಿಗಳ ಮೇಲಿನ ಪ್ರಯೋಗದಲ್ಲಿ ಕಂಡ ದುಷ್ಪರಿಣಾಮದಿಂದಾಗಿ 1980ರಲ್ಲಿ ಕಂಪನಿ ಅದರ ಪ್ರಯೋಗ ನಿಲ್ಲಿಸಿತು.

ಅಷ್ಟರಲ್ಲಿ ಎಂಡೊ ಟೋಕಿಯೊದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಸೇರಿದ್ದರು. 1979ರಲ್ಲಿ ಅವರು ಮೊನಾಸ್ಕಸ್‌ನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿ 'ಮೊನಾಕೊಲಿನ್ ಕೆ' ಎಂದು ಕರೆದರು. ಇತ್ತ ಅಮೆರಿಕದ ಮರ್ಕ್ ಕಂಪನಿ ಆಸ್ಪರ್ಜಿಲಸ್ ಎಂಬ ಬೇರೊಂದು ಶಿಲೀಂಧ್ರದಿಂದ ತನ್ನದೇ ವಸ್ತುವನ್ನು ತೆಗೆದಿತ್ತು. ಹೋಲಿಸಿ ನೋಡಿದರೆ ಎರಡೂ ಒಂದೇ! ಮರ್ಕ್‌ನ ವಸ್ತು 'ಲೋವಾಸ್ಟಾಟಿನ್' ಎಂಬ ಹೆಸರಿನಲ್ಲಿ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸ್ಟಾಟಿನ್ ಮಾತ್ರೆಯಾಯಿತು. ಇಂದು ನಮ್ಮ ವೈದ್ಯರು ಬರೆಯುವ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳು ಅದೇ ಬಳಗದವು. ಎಂಡೊ 2024ರ ಜೂನ್ 5ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಲೆಸ್ಟರಾಲ್ ಇಳಿಯುತ್ತದೆಯೇ?

ಮೊನಾಕೊಲಿನ್ ಸಾಕಷ್ಟು ಇದ್ದರೆ ಇಳಿಯುತ್ತದೆ. ಇದರಲ್ಲಿ ಅನುಮಾನವಿಲ್ಲ. 1999ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಸಂಶೋಧಕರು 83 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2.4 ಗ್ರಾಂ ರೆಡ್ ಈಸ್ಟ್ ರೈಸ್ ತೆಗೆದುಕೊಂಡವರ ಒಟ್ಟು ಕೊಲೆಸ್ಟರಾಲ್ 8 ವಾರಗಳಲ್ಲಿ ಸರಾಸರಿ 254ರಿಂದ 208ಕ್ಕೆ ಇಳಿಯಿತು.

ಇದಕ್ಕಿಂತ ದೊಡ್ಡದು ಚೀನಾದ ಅಧ್ಯಯನ. ಒಮ್ಮೆ ಹೃದಯಾಘಾತ ಆಗಿದ್ದ ಸುಮಾರು 4,870 ರೋಗಿಗಳಲ್ಲಿ ಒಂದು ಗುಂಪಿಗೆ 'ಷುಎಝಿಕಾಂಗ್' ಎಂಬ ರೆಡ್ ಈಸ್ಟ್ ರೈಸ್ ಸಾರವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಕ್ಯಾಪ್ಸೂಲನ್ನೂ ಸರಾಸರಿ ನಾಲ್ಕೂವರೆ ವರ್ಷ ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮತ್ತೆ ಹೃದಯಾಘಾತ ಅಥವಾ ಹೃದ್ರೋಗದ ಸಾವು ಹುಸಿ ಕ್ಯಾಪ್ಸೂಲ್ ಗುಂಪಿನ ಶೇ. 10.4 ಮಂದಿಗೆ, ಸಾರ ಸೇವಿಸಿದ ಗುಂಪಿನ ಶೇ. 5.7 ಮಂದಿಗೆ ಸಂಭವಿಸಿತು. ಇದು ಸಣ್ಣ ಮಾತಲ್ಲ. ರೆಡ್ ಈಸ್ಟ್ ರೈಸ್ ಮಾರುವವರು ತಪ್ಪದೆ ತೋರಿಸುವ ಅಂಕಿಗಳೂ ಇವೇ. ಅವರು ಹೇಳದೆ ಬಿಡುವುದೇನೆಂದರೆ ಷುಎಝಿಕಾಂಗ್ ಎಂಬುದು ಇಂತಿಷ್ಟೇ ಲೋವಾಸ್ಟಾಟಿನ್ ಇರುವಂತೆ ಅಳತೆ ಮಾಡಿ ತಯಾರಿಸಿದ ಔಷಧ. ಅಂಗಡಿಯ ಡಬ್ಬಿಗೆ ಆ ಫಲಿತಾಂಶವನ್ನು ಅಂಟಿಸುವಂತಿಲ್ಲ.

ಅಂಗಡಿಯಲ್ಲಿ ಸಿಗುವುದನ್ನೇ ಕೊಂಡು ಪರೀಕ್ಷಿಸಿದರೆ ಏನಾಗುತ್ತದೆ? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2022ರಲ್ಲಿ ಅದನ್ನೂ ನೋಡಿತು. ಸುಮಾರು 190 ಮಂದಿಯನ್ನು ಗುಂಪು ಮಾಡಿ ಒಂದಕ್ಕೆ 5 ಮಿಲಿಗ್ರಾಂ ರೋಸುವಾಸ್ಟಾಟಿನ್, ಒಂದಕ್ಕೆ ಹುಸಿ ಮಾತ್ರೆ, ಉಳಿದವುಗಳಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯಜನ್ಯ ಸ್ಟೆರಾಲ್ ಮತ್ತು ರೆಡ್ ಈಸ್ಟ್ ರೈಸ್ ಪೂರಕಗಳನ್ನು 28 ದಿನ ಕೊಟ್ಟರು. 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್ ರೋಸುವಾಸ್ಟಾಟಿನ್ ಗುಂಪಿನಲ್ಲಿ ಶೇ. 38ರಷ್ಟು ಇಳಿಯಿತು. ಆರು ಪೂರಕಗಳಲ್ಲಿ ಒಂದೂ ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚು ಕೆಲಸ ಮಾಡಲಿಲ್ಲ.

ಒಂದು ಕಡೆ ಭಾರೀ ಇಳಿಕೆ, ಇನ್ನೊಂದು ಕಡೆ ಏನೂ ಇಲ್ಲ. ಇದಕ್ಕೆ ಕಾರಣ ಡಬ್ಬಿಯೊಳಗೇ ಇದೆ.

ಒಂದೊಂದು ಡಬ್ಬಿ ಒಂದೊಂದು ಬಗೆ

2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ 12 ಕಂಪನಿಗಳ ಕ್ಯಾಪ್ಸೂಲ್ ಒಡೆದು ನೋಡಿದರು. ಎಲ್ಲದರ ಮೇಲೂ 600 ಮಿಲಿಗ್ರಾಂ ರೆಡ್ ಈಸ್ಟ್ ರೈಸ್ ಎಂದೇ ಇತ್ತು. ಒಳಗಿದ್ದ ಮೊನಾಕೊಲಿನ್ ಕೆ ಮಾತ್ರ 0.10 ಮಿಲಿಗ್ರಾಂನಿಂದ 10.09 ಮಿಲಿಗ್ರಾಂವರೆಗೆ. ಅಂದರೆ ನೂರು ಪಟ್ಟು ಅಂತರ! 12ರಲ್ಲಿ ನಾಲ್ಕರಲ್ಲಿ ಸಿಟ್ರಿನಿನ್ ಹೆಚ್ಚಿನ ಪ್ರಮಾಣದಲ್ಲಿತ್ತು. ಎಂಡೊ ತಂಡ ವಿಷವೆಂದು ಕೈಬಿಟ್ಟ ಅದೇ ಸಿಟ್ರಿನಿನ್. ಮೊನಾಸ್ಕಸ್‌ನ ಕೆಲವು ತಳಿಗಳು ಬೆಳೆಯುವಾಗ ಅದನ್ನೂ ಉಂಟುಮಾಡುತ್ತವೆ. 2017ರಲ್ಲಿ 28 ಬ್ರಾಂಡುಗಳನ್ನು ಪರೀಕ್ಷಿಸಿದಾಗ ಎರಡರಲ್ಲಿ ಮೊನಾಕೊಲಿನ್ ಕೆ ಇರಲೇ ಇಲ್ಲ. ಉಳಿದವುಗಳ ದಿನದ ಡೋಸ್‌ನಲ್ಲಿ 0.09 ಮಿಲಿಗ್ರಾಂನಿಂದ 10.94 ಮಿಲಿಗ್ರಾಂವರೆಗೆ ಇತ್ತು.

ಲೋವಾಸ್ಟಾಟಿನ್ ಮಾತ್ರೆ 10, 20 ಮಿಲಿಗ್ರಾಂಗಳಲ್ಲಿ ಬರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಬ್ಬರ ಡಬ್ಬಿಯಲ್ಲಿ ಬರೀ ಕೆಂಪು ಪುಡಿ, ಇನ್ನೊಬ್ಬರ ಡಬ್ಬಿಯಲ್ಲಿ ಪೂರಾ ಒಂದು ಮಾತ್ರೆ. "ನನಗೆ ಒಳ್ಳೆಯದಾಯಿತು, ನೀವೂ ತೆಗೆದುಕೊಳ್ಳಿ" ಎಂಬ ಪಕ್ಕದ ಮನೆಯವರ ಮಾತು ಇಲ್ಲಿ ನಡೆಯುವುದಿಲ್ಲ.

ಕಂಪನಿಗಳು ಪ್ರಮಾಣ ಏಕೆ ಬರೆಯುವುದಿಲ್ಲ ಎಂಬುದಕ್ಕೆ ಕೋರ್ಟಿನ ಕಥೆಯೊಂದಿದೆ. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ, ಫಾರ್ಮನೆಕ್ಸ್ ಕಂಪನಿಯ 'ಕೊಲೆಸ್ಟಿನ್' ಎಂಬ ರೆಡ್ ಈಸ್ಟ್ ರೈಸ್ ಕ್ಯಾಪ್ಸೂಲ್ ಆಹಾರ ಪೂರಕವಲ್ಲ, ಅನುಮತಿ ಇಲ್ಲದ ಔಷಧ ಎಂದಿತು. 1999ರಲ್ಲಿ ಕೆಳ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟರೆ 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2001ರಲ್ಲಿ ಎಫ್‌ಡಿಎ ಗೆದ್ದಿತು. ಅಲ್ಲಿಂದ ಮುಂದೆ ಮೊನಾಕೊಲಿನ್ ಹೆಚ್ಚಿದೆ ಎಂದು ಬರೆದುಕೊಂಡರೆ ಆ ಡಬ್ಬಿ ಔಷಧವಾಗುತ್ತದೆ, ಬರೆಯದೆ ಸುಮ್ಮನಿದ್ದರೆ ಪೂರಕವಾಗಿ ಉಳಿಯುತ್ತದೆ. ಕೊಳ್ಳುವವನ ಹಿತಕ್ಕಾಗಿ ಮಾಡಿದ ಕಾನೂನಿನಿಂದ ಕೊಳ್ಳುವವನಿಗೇ ಏನೂ ತಿಳಿಯದಂತಾದದ್ದು ವಿಚಿತ್ರ.

ಯುರೋಪು ಬೇರೆ ದಾರಿ ಹಿಡಿಯಿತು. 2018ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ, ದಿನಕ್ಕೆ 3 ಮಿಲಿಗ್ರಾಂ ಮೊನಾಕೊಲಿನ್‌ನಿಂದಲೂ ಗಂಭೀರ ತೊಂದರೆಯಾದ ಪ್ರಕರಣಗಳಿವೆ, ಸುರಕ್ಷಿತ ಪ್ರಮಾಣ ಇಷ್ಟೇ ಎಂದು ಹೇಳಲಾಗದು ಎಂದಿತು. 2022ರಲ್ಲಿ ಬಂದ ನಿಯಮ ದಿನದ ಪ್ರಮಾಣ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ವಿಧಿಸಿತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷಕ್ಕಿಂತ ಚಿಕ್ಕವರು, 70 ದಾಟಿದವರು ಸೇವಿಸಬಾರದು, ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಸೇವಿಸಬಾರದು ಎಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಹಾಕುವುದೂ ಕಡ್ಡಾಯವಾಯಿತು.

ಜಪಾನಿನಲ್ಲಿ 2024ರಲ್ಲಿ ಆದದ್ದು

ಬೆನಿ ಕೋಜಿ ಜಪಾನಿಗೆ ಹೊಸದಲ್ಲ. ತಯಾರಿಸಿದ್ದು ಹೆಸರುವಾಸಿ ಕಂಪನಿ, ಒಸಾಕಾದ ಕೊಬಯಾಶಿ ಫಾರ್ಮಸ್ಯೂಟಿಕಲ್. ಸಿಟ್ರಿನಿನ್ ಉಂಟುಮಾಡದ ಮೊನಾಸ್ಕಸ್ ತಳಿಯನ್ನೇ ಅದು ಆರಿಸಿಕೊಂಡಿತ್ತು. ಇಷ್ಟೆಲ್ಲ ಇದ್ದೂ 2024ರ ಜನವರಿಯಲ್ಲಿ, ಅದರ ಕೊಲೆಸ್ಟರಾಲ್ ಮಾತ್ರೆ ಸೇವಿಸಿದವರಿಗೆ ಮೂತ್ರಪಿಂಡದ ತೊಂದರೆಯಾಗಿದೆ ಎಂಬ ವರದಿಗಳು ವೈದ್ಯರಿಂದ ಬರತೊಡಗಿದವು. ಕಂಪನಿ ಅದನ್ನು ಬಹಿರಂಗಪಡಿಸಿ ಮಾತ್ರೆಗಳನ್ನು ವಾಪಸು ಕರೆಸಿಕೊಂಡದ್ದು ಮಾರ್ಚ್ 22ರಂದು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಮಾತ್ರೆ ಸೇವಿಸಿದ್ದವರಲ್ಲಿ ಸಾವುಗಳೂ ವರದಿಯಾಗಿ ತನಿಖೆ ನಡೆಯಿತು. ವಿಷಯ ಮುಚ್ಚಿಟ್ಟು ತಡಮಾಡಿದ್ದಕ್ಕೆ ಭಾರೀ ಟೀಕೆ ಬಂದು, ಜುಲೈನಲ್ಲಿ ಕಂಪನಿಯ ಅಧ್ಯಕ್ಷರೂ ಮುಖ್ಯಸ್ಥರೂ ಹುದ್ದೆಯಿಂದ ಇಳಿಯಬೇಕಾಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಸಿಟ್ರಿನಿನ್ ಅಲ್ಲ, ಪ್ಯೂಬೆರುಲಿಕ್ ಆಮ್ಲ. ಕಾರ್ಖಾನೆಯೊಳಗೆ ಇದ್ದ ನೀಲಿ ಬೂಷ್ಟೊಂದು ತಯಾರಿಕೆಯ ಹಂತದಲ್ಲಿ ಅಕ್ಕಿಗೆ ಬೆರೆತು ಅದನ್ನು ಉಂಟುಮಾಡಿತ್ತು. ಆ ಆಮ್ಲ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗದಿಂದ ಜಪಾನ್ ಸರ್ಕಾರ ಖಚಿತಪಡಿಸಿತು. ಬೂಷ್ಟು ಬೆಳೆಸಿ ಮಾಡುವ ಪದಾರ್ಥಕ್ಕೆ ಇನ್ನೊಂದು ಬೂಷ್ಟು ಸೇರಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಬ್ಯಾಚ್ ಬ್ಯಾಚಿಗೂ ಪರೀಕ್ಷೆ ನಡೆಯಬೇಕು. ಗುಣಮಟ್ಟಕ್ಕೆ ಹೆಸರಾದ ದೇಶದಲ್ಲೇ ಹೀಗಾದ ಮೇಲೆ ಯಾವ ಕಾರ್ಖಾನೆಯದೆಂದೇ ಗೊತ್ತಿಲ್ಲದ ಆನ್‌ಲೈನ್ ಡಬ್ಬಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜ.

ಮಾತ್ರೆಯ ತೊಂದರೆಗಳೆಲ್ಲ ಇಲ್ಲೂ ಉಂಟು

ಮೊನಾಕೊಲಿನ್ ಕೆ ಸ್ಟಾಟಿನ್ನೇ ಆದ್ದರಿಂದ ಸ್ಟಾಟಿನ್‌ನ ಅಡ್ಡ ಪರಿಣಾಮಗಳೂ ಅದರ ಜೊತೆಗೇ ಬರುತ್ತವೆ. ಮುಖ್ಯವಾದವು ಮಾಂಸಖಂಡಗಳ ನೋವು, ಸುಸ್ತು, ಪಿತ್ತಜನಕಾಂಗದ ತೊಂದರೆ. ಬಹಳ ಅಪರೂಪಕ್ಕೆ ಮಾಂಸಖಂಡಗಳೇ ಕರಗಿ ಮೂತ್ರಪಿಂಡ ಕೈಕೊಡುವುದುಂಟು. ತೊಡೆ, ಭುಜಗಳಲ್ಲಿ ಕಾರಣವಿಲ್ಲದ ನೋವು ಕಾಣಿಸಿಕೊಂಡು ಮೂತ್ರ ಕರಿಕಾಫಿಯ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ, ಕಾಲು ಊದಿಕೊಂಡು ಮೂತ್ರದಲ್ಲಿ ನೊರೆ ಕಂಡರೂ ಹಾಗೆಯೇ.

ವೈದ್ಯರ ಸ್ಟಾಟಿನ್ ಜೊತೆ ಇದನ್ನೂ ನುಂಗಿದರೆ ಎರಡು ಡೋಸ್ ಆದಂತೆ. ಇತರ ಔಷಧಗಳೊಡನೆಯೂ ಜಗಳವಿದೆ. ಲೋವಾಸ್ಟಾಟಿನ್ ದೇಹದಲ್ಲಿ ಕರಗಿಹೋಗಲು ಬೇಕಾದ ಕಿಣ್ವವನ್ನೇ ಕೆಲವು ಔಷಧಗಳು ತಡೆಯುತ್ತವೆ. ಆಗ ರಕ್ತದಲ್ಲಿ ಅದರ ಪ್ರಮಾಣ ಒಮ್ಮೆಲೇ ಏರುತ್ತದೆ. ಗಂಟಲು ಸೋಂಕಿಗೆ ಕೊಡುವ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಚರ್ಮದ ಹುಳುಕಡ್ಡಿಗೆ ಈಗ ಸಾಮಾನ್ಯವಾಗಿ ಬರೆಯುವ ಇಟ್ರಕೊನಜೋಲ್, ರಕ್ತದೊತ್ತಡದ ಡಿಲ್ಟಿಯಾಜೆಮ್, ವೆರಾಪಮಿಲ್ ಇವೆಲ್ಲ ಆ ಸಾಲಿನವು. ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್ ಹಣ್ಣಿನ ರಸಕ್ಕೂ ಅದೇ ಗುಣವಿದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಇದನ್ನು ಮುಟ್ಟದಿರುವುದೇ ಲೇಸು. ತೊಂದರೆ ಏನೆಂದರೆ "ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ" ಎಂದು ವೈದ್ಯರು ಕೇಳಿದಾಗ ಯಾರೂ ಇದರ ಹೆಸರು ಹೇಳುವುದಿಲ್ಲ. ಜನರ ಲೆಕ್ಕದಲ್ಲಿ ಇದು ಮಾತ್ರೆಯೇ ಅಲ್ಲ!

ಮಾತ್ರೆಯಿಂದ ಮೈಕೈ ನೋವು ಬಂತೆಂದು ಇದಕ್ಕೆ ಬದಲಾಯಿಸಿಕೊಳ್ಳುವವರ ವಿಚಾರ ಸ್ವಲ್ಪ ಬೇರೆ. ಅಂಥ 62 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ರೆಡ್ ಈಸ್ಟ್ ರೈಸ್ ಸೇವಿಸಿದವರ ಎಲ್‌ಡಿಎಲ್ ಇಳಿಯಿತು, ನೋವು ಹೆಚ್ಚಾಗಲಿಲ್ಲ. ಸ್ಟಾಟಿನ್ ಪ್ರಮಾಣ ಕಡಿಮೆಯಿದ್ದದ್ದೂ ಇದಕ್ಕೆ ಕಾರಣವಿರಬಹುದು. ಹಾಗಿದ್ದರೆ ವೈದ್ಯರಿಂದಲೇ ಕಡಿಮೆ ಡೋಸ್‌ನ ಮಾತ್ರೆ ಬರೆಸಿಕೊಳ್ಳಬಹುದಲ್ಲ? 2020ರ ಬ್ರಿಟನ್ನಿನ ಒಂದು ಅಧ್ಯಯನ ಇನ್ನೂ ಕುತೂಹಲದ್ದು. ತೊಂದರೆಯಾಗುತ್ತದೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ ಕೊಟ್ಟಾಗ, ಸ್ಟಾಟಿನ್‌ನಿಂದ ಬಂದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಿಂದಲೂ ಬಂತು. ನೋವು ಸುಳ್ಳಲ್ಲ, ಆದರೆ ಅದನ್ನು ತಂದದ್ದು ಹೆಚ್ಚಾಗಿ ಮಾತ್ರೆಯ ಭಯ. ಸ್ಟಾಟಿನ್ ನಿಜಕ್ಕೂ ಒಗ್ಗದವರಿಗೆ ಎಜೆಟಿಮೈಬ್, ಬೆಂಪೆಡೊಯಿಕ್ ಆಮ್ಲದಂಥ ಬೇರೆ ಬಗೆಯ ಮಾತ್ರೆಗಳಿವೆ.

ಕೊಂಡಾಗಿದೆ, ಈಗೇನು?

ನಮ್ಮ ದೇಶದಲ್ಲಿ ಇಂಥ ಪೂರಕಗಳು ಔಷಧ ಕಾನೂನಿನಡಿ ಅಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳಡಿ ಬರುತ್ತವೆ. ಅವುಗಳ ಲೇಬಲ್ಲಿನ ಮೇಲೆ 'ಔಷಧ ಬಳಕೆಗಲ್ಲ' ಎಂಬರ್ಥದ ಮಾತು ಇರಲೇಬೇಕು. ಮುಂದೆ ದೊಡ್ಡ ಅಕ್ಷರದಲ್ಲಿ ಹೃದಯದ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಈ ಸಾಲು. ಸ್ಟಾಟಿನ್ ಮಾತ್ರೆಗಾದರೆ ವೈದ್ಯರ ಚೀಟಿ ಬೇಕು, ಪ್ರತಿ ಮಾತ್ರೆಯಲ್ಲಿ ಎಷ್ಟಿದೆ ಎಂಬುದು ಹಾಳೆಯ ಮೇಲೇ ಅಚ್ಚಾಗಿರುತ್ತದೆ. ಜನೌಷಧಿ ಅಂಗಡಿಗಳಲ್ಲಿ ಅವು ಅಗ್ಗದ ಬೆಲೆಗೆ ಸಿಗುತ್ತವೆ.

ಈಗಾಗಲೇ ರೆಡ್ ಈಸ್ಟ್ ರೈಸ್ ತೆಗೆದುಕೊಳ್ಳುತ್ತಿರುವವರು ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ಕೊಲೆಸ್ಟರಾಲ್ ಜೊತೆ ಪಿತ್ತಜನಕಾಂಗದ ಎಸ್‌ಜಿಪಿಟಿ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೈಕೈ ನೋವಿದ್ದರೆ ಸಿಪಿಕೆ ಪರೀಕ್ಷೆಯೂ ಬೇಕಾದೀತು. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಯವರು, ಎಲ್‌ಡಿಎಲ್ 190 ದಾಟಿದವರು ತಮ್ಮ ಮಾತ್ರೆ ನಿಲ್ಲಿಸಿ ಇದನ್ನು ನೆಚ್ಚಿಕೊಳ್ಳಲೇಬಾರದು. ಎಲ್‌ಡಿಎಲ್ 190 ದಾಟಿದ್ದರೆ ಅದು ಮನೆತನದಲ್ಲೇ ಬರುವ ದೋಷವೂ ಇರಬಹುದು, ಒಡಹುಟ್ಟಿದವರು ಮತ್ತು ಮಕ್ಕಳ ರಕ್ತಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಅಂಕಿ ಸ್ವಲ್ಪವೇ ಏರಿದ್ದು ಬೇರೆ ಅಪಾಯಗಳಿಲ್ಲದವರಿಗೆ ವೈದ್ಯರು ಮೊದಲು ಹೇಳುವುದು ಊಟ, ನಡಿಗೆ, ತೂಕದ ಮಾತನ್ನೇ. ವನಸ್ಪತಿ, ಬೇಕರಿ ತಿಂಡಿ, ಕರಿದ ತಿಂಡಿ ಕಡಿಮೆ ಮಾಡುವುದು, ಬೀಡಿ ಸಿಗರೇಟು ಬಿಡುವುದು. ಕಾಸರಗೋಡಿನ ಕಡೆಯವರು ತೆಂಗಿನೆಣ್ಣೆಯ ಪ್ರಮಾಣ ನೋಡಿಕೊಂಡರೆ ಒಳ್ಳೆಯದು. ಕಾಳು, ತರಕಾರಿ ಹೆಚ್ಚಿಸುವುದು ಎಲ್ಲ ಊರಿಗೂ ಹೊಂದುವ ಸಲಹೆ. ಇಷ್ಟರಿಂದ ಎಲ್ಲರಿಗೂ ಸಾಕಾಗುತ್ತದೆ ಎಂದಲ್ಲ.

ಕ್ಯಾಪ್ಸೂಲ್ ಬಿಡುವವರು ಒಂದು ವಿಷಯ ಗಮನಿಸಬೇಕು. ಅದರಲ್ಲಿ ನಿಜವಾಗಿ ಮೊನಾಕೊಲಿನ್ ಇದ್ದಿದ್ದರೆ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕೊಲೆಸ್ಟರಾಲ್ ಹಳೆಯ ಮಟ್ಟಕ್ಕೆ ಮರಳುತ್ತದೆ. ಆದ್ದರಿಂದ ಬಿಟ್ಟ ಮಾರನೆಯ ದಿನವೇ ರಕ್ತ ಕೊಟ್ಟು "ನಾರ್ಮಲ್ ಬಂತು" ಎಂದು ಸಮಾಧಾನಪಟ್ಟುಕೊಳ್ಳದೆ, ಒಂದೂವರೆ ಎರಡು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೆ ನಿಜವಾದ ಅಂಕಿ ತಿಳಿಯುತ್ತದೆ.